ಸೈಕಲ್ ಎಲ್ಲಿ ಕಟ್ಟಬೇಕು? ಮೊದಲು ಮೂಕಿ ಎತ್ತಿ ನೋಡಿ

ಪ್ರಶ್ನೆ: ನಾವು ದಾವಣಗೆರೆ ವಿದ್ಯಾನಗರದವರು. ಹೋದ ವರ್ಷ ಒಂದು ಸಣ್ಣ ಕ್ಯಾಂಪರ್ ಟ್ರೈಲರ್ ತಗೊಂಡೆವು. ಬೊಲೆರೊ ಹಿಂದೆ ಕಟ್ಟಿಕೊಂಡು ಹೋಗುತ್ತೇವೆ. ಸಾಮಾನು ಸಮೇತ ಟ್ರೈಲರ್ ತೂಕ 700 ಕೆ.ಜಿ. ಇದೆ. ದಸರಾ ರಜೆಗೆ ಮುರುಡೇಶ್ವರದ ಕಡೆ ಒಂದು ವಾರ ಹೋಗುವ ಯೋಚನೆ. ಮಕ್ಕಳಿಬ್ಬರೂ ಸೈಕಲ್ ಬೇಕೇ ಬೇಕು ಅಂತ ಹಟ ಹಿಡಿದಿದ್ದಾರೆ. ನಮ್ಮಿಬ್ಬರವು 15 ಕೆ.ಜಿ.ಯ ಎರಡು, ಮಗಳದು 13, ಮಗನದು 11. ಒಟ್ಟು ನಾಲ್ಕು ಸೈಕಲ್. ವೆಲ್ಡಿಂಗ್ ಅಂಗಡಿಯವರು ಟ್ರೈಲರಿನ ಹಿಂದಿನ ಬಂಪರಿಗೆ ಸ್ಟ್ಯಾಂಡ್ ಕೂರಿಸಿ ಕೊಡುತ್ತೇನೆ, ಅರ್ಧ ದಿನದ ಕೆಲಸ ಅಂತಾರೆ. ಕಾರಿನ ಮೇಲೆ ಹಾಕಿಬಿಡು ಅಂತ ನನ್ನ ತಮ್ಮ ಹೇಳ್ತಾನೆ. ಯಾವುದು ಸರಿ ಸರ್?

ಉತ್ತರ: ವೆಲ್ಡಿಂಗ್ ಅಂಗಡಿಯವರಿಗೆ ಸದ್ಯಕ್ಕೆ ಬೇಡ ಅಂತ ಹೇಳಿಬಿಡಿ. ಅವರ ಕೈಕೆಲಸದ ಮೇಲೆ ನನಗೆ ಅನುಮಾನ ಇಲ್ಲ. ಸ್ಟ್ಯಾಂಡ್ ಎಷ್ಟೇ ಗಟ್ಟಿಯಾಗಿ ಕೂತರೂ ಆ ಜಾಗದಲ್ಲಿ ನಾಲ್ಕು ಸೈಕಲ್ ಕಟ್ಟುವುದು ನಿಮ್ಮ ಟ್ರೈಲರಿಗೆ ಆಗಿ ಬರುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಸೈಕಲ್ ಬಿದ್ದರೆ ಇನ್ನೊಂದು ತರಬಹುದು. ಟ್ರೈಲರ್ ಓಲಾಡಿ ಕಾರನ್ನೂ ಎಳೆದುಕೊಂಡು ಹೋದರೆ ಒಳಗಿರುವ ನಾಲ್ಕು ಜೀವದ ಪ್ರಶ್ನೆ.

ನಮ್ಮದು ಚಳ್ಳಕೆರೆ ಕಡೆಯ ಹಳ್ಳಿ. ಅಪ್ಪ ಶೇಂಗಾ ಚೀಲ ಹೇರಿಕೊಂಡು ಎತ್ತಿನ ಗಾಡಿಯಲ್ಲಿ ಪೇಟೆಗೆ ಹೋಗುತ್ತಿದ್ದರು. ಚೀಲ ಎಲ್ಲ ಹೇರಿದ ಮೇಲೆ, ಎತ್ತು ಹೂಡುವ ಮೊದಲು, ಒಂದು ಕೆಲಸ ತಪ್ಪದೆ ಮಾಡುತ್ತಿದ್ದರು. ಗಾಡಿಯ ಮುಂದೆ ನಿಂತು, ನೊಗದ ಹತ್ತಿರ ಮೂಕಿಗೆ, ಅಂದರೆ ಗಾಡಿಯಿಂದ ನೊಗದವರೆಗೆ ಚಾಚಿದ ಉದ್ದ ಮರಕ್ಕೆ, ಕೈ ಹಾಕಿ, ಮೆಲ್ಲಗೆ ಎತ್ತಿ ನೋಡುತ್ತಿದ್ದರು. ಸಲೀಸಾಗಿ ಮೇಲೆದ್ದರೆ "ಹಿಂಭಾರ ಆಯ್ತು" ಅಂತ ಒಂದು ಚೀಲ ಮುಂದಕ್ಕೆ ಎಳೆಸುತ್ತಿದ್ದರು. ಕದಲದಷ್ಟು ಭಾರ ಅನ್ನಿಸಿದರೆ ಒಂದು ಚೀಲ ಹಿಂದಕ್ಕೆ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಮುಂಭಾರ ಜಾಸ್ತಿಯಾದರೆ ಹೆಗಲು ಹುಣ್ಣಾಗುತ್ತದೆ.

ನಿಮ್ಮ ಟ್ರೈಲರ್ ಕೂಡ ಎರಡು ಚಕ್ರದ ಗಾಡಿಯೇ ಅಲ್ವಾ? ಮೂಕಿಯ ಜಾಗದಲ್ಲಿ ಡ್ರಾಬಾರ್ ಇದೆ, ನೊಗದ ಜಾಗದಲ್ಲಿ ಕಾರಿಗೆ ಸೇರಿಸುವ ಕೊಂಡಿ, ಅಂದರೆ ಹಿಚ್ ಇದೆ, ಎತ್ತಿನ ಜಾಗದಲ್ಲಿ ಬೊಲೆರೊ ಇದೆ. ಹಿಚ್ ಮೇಲೆ ಟ್ರೈಲರ್ ಎಷ್ಟು ಒತ್ತುತ್ತದೋ ಅದಕ್ಕೆ ನಾನು ಈಗಲೂ ಮೂಕಿ ಭಾರ ಅಂತಲೇ ಹೇಳುವುದು. ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಅಲ್ಲಿ ಇರಬೇಕು. ನಿಮ್ಮ 700 ಕೆ.ಜಿ. ಟ್ರೈಲರಿಗೆ 70ರಿಂದ 105 ಕೆ.ಜಿ. ಯುರೋಪಿನಲ್ಲಿ ಇದಕ್ಕಿಂತ ಕಡಿಮೆ ಇಡುತ್ತಾರೆ. ಆದರೆ ಅಲ್ಲಿನ ಕ್ಯಾರವಾನ್ ಕಟ್ಟುವ ರೀತಿ ಬೇರೆ, ರಸ್ತೆಯೂ ಬೇರೆ. ನಮ್ಮ ಹಂಪು ಗುಂಡಿಗಳಿಗೆ 10ಕ್ಕಿಂತ ಕೆಳಗೆ ಇಳಿಸುವುದು ನನಗೆ ಒಪ್ಪಿಗೆ ಇಲ್ಲ.

ಈಗ ಹಿಂದಿನ ಬಂಪರಿನ ಲೆಕ್ಕ ನೋಡೋಣ. ಹಿಚ್‌ನಿಂದ ಟ್ರೈಲರ್ ಅಚ್ಚಿನವರೆಗೆ 3 ಮೀಟರ್ ಅಂದುಕೊಳ್ಳಿ. ಅಚ್ಚಿನಿಂದ ಹಿಂದಕ್ಕೆ, ಸೈಕಲ್ ನಿಲ್ಲುವ ಜಾಗದವರೆಗೆ 2 ಮೀಟರ್. ನಾಲ್ಕು ಸೈಕಲ್ 54 ಕೆ.ಜಿ., ಸ್ಟ್ಯಾಂಡ್ 16 ಕೆ.ಜಿ., ಒಟ್ಟು 70. ಅದನ್ನು 2ರಿಂದ ಗುಣಿಸಿ 3ರಿಂದ ಭಾಗಿಸಿದರೆ ಸುಮಾರು 47. ಅಂದರೆ ಹಿಂದೆ ಕಟ್ಟಿದ ಸೈಕಲ್‌ಗಳು ಮೂಕಿಯನ್ನು 47 ಕೆ.ಜಿ.ಯಷ್ಟು ಮೇಲಕ್ಕೆ ಎತ್ತುತ್ತವೆ. ಮೂಕಿ ಭಾರ ಮೊದಲು 70 ಇತ್ತು ಅಂದುಕೊಂಡರೆ ಈಗ 23ಕ್ಕೆ ಇಳಿಯುತ್ತದೆ. ಒಟ್ಟು ತೂಕ 770 ಆಗಿರುತ್ತದೆ. ನೂರಕ್ಕೆ ಬರೀ 3. ಅಪ್ಪ ಇದ್ದಿದ್ದರೆ ಗಾಡಿ ಹೂಡುತ್ತಲೇ ಇರಲಿಲ್ಲ.

ಎತ್ತಿಗೆ ಆದರೆ ಕೊರಳು ಬಿಗಿದು ಅದು ಅಲ್ಲೇ ನಿಲ್ಲುತ್ತದೆ. ಬೊಲೆರೊಗೆ ಅದು ಗೊತ್ತಾಗುವುದಿಲ್ಲ. 40ರ ವೇಗದಲ್ಲಿ ಎಲ್ಲಾ ಚೆನ್ನಾಗಿದೆ ಅನ್ನಿಸುತ್ತದೆ. 60 ದಾಟಿದ ಮೇಲೆ ಎಲ್ಲೋ ಒಂದು ಕಡೆ ಟ್ರೈಲರ್ ಎಡಕ್ಕೆ ಸ್ವಲ್ಪ ಸರಿಯುತ್ತದೆ, ಬಲಕ್ಕೆ ಅದಕ್ಕಿಂತ ಜಾಸ್ತಿ, ಮತ್ತೆ ಎಡಕ್ಕೆ ಇನ್ನೂ ಜಾಸ್ತಿ. ಮೂರು ನಾಲ್ಕು ಓಲಾಟದಲ್ಲಿ ಕಾರಿನ ಹಿಂಭಾಗವೂ ಅದರ ಜೊತೆ ಹೋಗತೊಡಗುತ್ತದೆ. ಇಳಿಜಾರಿನಲ್ಲಿ ಇದು ಇನ್ನೂ ಬೇಗ ಶುರುವಾಗುತ್ತದೆ.

ಕೆಲವರು ಇದಕ್ಕೊಂದು ಉಪಾಯ ಹೇಳುತ್ತಾರೆ. ಹಿಂದೆ ಸೈಕಲ್ ಕಟ್ಟಿ, ಅದಕ್ಕೆ ಸರಿಯಾಗಿ ಮುಂದಿನ ಪೆಟ್ಟಿಗೆಯಲ್ಲಿ ನೀರಿನ ಕ್ಯಾನು, ಗ್ಯಾಸ್ ಸಿಲಿಂಡರ್ ತುಂಬಿಬಿಡಿ, ತೂಕ ಸಮ ಆಗುತ್ತದೆ ಅಂತ. ತೂಕ ಸಮ ಆಗುತ್ತದೆ, ನಿಜ. ಓಲಾಟ ನಿಲ್ಲುವುದಿಲ್ಲ. ಹೆಗಲ ಮೇಲೆ ಅಡ್ಡೆ ಹೊತ್ತವರನ್ನು ನೆನೆಸಿಕೊಳ್ಳಿ. ಎರಡು ತುದಿಯಲ್ಲಿ ಎರಡು ತುಂಬಿದ ಕೊಡ. ನಡೆಯುವಾಗ ಸಮವಾಗೇ ಇರುತ್ತದೆ. ಆದರೆ ಒಮ್ಮೆ ತಿರುಗತೊಡಗಿದರೆ ತಡೆದು ನಿಲ್ಲಿಸುವುದು ಎಷ್ಟು ಕಷ್ಟ! ಅದೇ ಎರಡು ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ತಿರುಗಿದರೂ ತಕ್ಷಣ ನಿಲ್ಲಬಹುದು. ಟ್ರೈಲರಿಗೂ ಹಾಗೇ. ಭಾರ ಆದಷ್ಟು ಅಚ್ಚಿನ ಹತ್ತಿರ ಇರಬೇಕು, ಅಚ್ಚಿಗಿಂತ ತುಸು ಮುಂದಕ್ಕೆ ವಾಲಿರಬೇಕು. ಎರಡು ತುದಿಯಲ್ಲಿ ಹಂಚಿದ ಭಾರ ಕಾಟಾದಲ್ಲಿ ಸರಿ ಕಂಡರೂ ರಸ್ತೆಯಲ್ಲಿ ಸರಿ ಇರುವುದಿಲ್ಲ.

ನಮ್ಮ ಕಡೆ ಗಾಳಿಯನ್ನೂ ಮರೆಯಬೇಡಿ. ಚಿತ್ರದುರ್ಗದ ಸುತ್ತ ಗುಡ್ಡದ ಮೇಲೆ ಅಷ್ಟೊಂದು ಗಾಳಿ ಯಂತ್ರ ಸುಮ್ನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಗಾಳಿ ನೈಋತ್ಯದಿಂದ ಬೀಸುತ್ತದೆ. 48ನೇ ನಂಬರಿನ ಹೆದ್ದಾರಿ ಹಿರಿಯೂರಿನಿಂದ ದಾವಣಗೆರೆ ಕಡೆ ವಾಯವ್ಯಕ್ಕೆ ಓಡುತ್ತದೆ. ಹಾಗಾಗಿ ಆ ಗಾಳಿ ಟ್ರೈಲರಿಗೆ ಪಕ್ಕದಿಂದಲೇ ಬಡಿಯುತ್ತದೆ. ಹಿಂದೆ ನಿಲ್ಲಿಸಿ ಕಟ್ಟಿದ ನಾಲ್ಕು ಸೈಕಲ್, ಅದರ ಮೇಲೊಂದು ಕವರ್ ಬೇರೆ ಹೊದಿಸಿದರೆ ಹಡಗಿಗೆ ಹಾಯಿ ಕಟ್ಟಿದ ಹಾಗೆ. ಪಕ್ಕದಲ್ಲಿ ವೋಲ್ವೊ ಬಸ್ಸೊಂದು ರೊಯ್ಯನೆ ಹೋದರೂ ಅದೇ ಕತೆ. ದಸರಾ ಹೊತ್ತಿಗೆ ಗಾಳಿ ತಗ್ಗಿರುತ್ತದೆ, ಆದರೆ ಬಸ್ಸು ಲಾರಿ ತಗ್ಗಿರುವುದಿಲ್ಲ.

ಇನ್ನು ಬಂಪರಿನ ಗಟ್ಟಿತನ. ಇದನ್ನು ನಾನು ಕಣ್ಣಾರೆ ಕಂಡು ಕಲಿತದ್ದು. ಕೆಲವು ವರ್ಷದ ಹಿಂದೆ ನನ್ನ ಟ್ರೈಲರಿಗೂ ಹಿಂದೆಯೇ ಸ್ಟ್ಯಾಂಡ್ ಇತ್ತು, ಮೂರು ಸೈಕಲಿಗೆ. ವೆಲ್ಡಿಂಗ್ ಮಾಡಿದ್ದು ನಾನೇ. ಚಿತ್ರದುರ್ಗ ಬಿಟ್ಟು ಹೊಳಲ್ಕೆರೆ ದಾಟಿ ಶಿವಮೊಗ್ಗದ ಕಡೆ ಹೋಗುತ್ತಿದ್ದೆವು. ಹಿಂದೆ ಬರುತ್ತಿದ್ದ ಬೈಕಿನ ಹುಡುಗ ಹಾರ್ನ್ ಹೊಡೆದು, ಪಕ್ಕಕ್ಕೆ ಬಂದು, ಕೈಯಲ್ಲಿ ನೆಲ ತೋರಿಸಿದ. ಇಳಿದು ನೋಡಿದರೆ ಸ್ಟ್ಯಾಂಡ್ ಒಂದು ಬದಿ ಕಳಚಿ ಜೋತಿದೆ. ಮಗಳ ಸೈಕಲಿನ ಹಿಂದಿನ ಚಕ್ರ ರಸ್ತೆಗೆ ಉಜ್ಜಿ ಉಜ್ಜಿ, ಟೈರ್ ಹೋಗಿ, ರಿಮ್ಮಿನ ಅಂಚು ಚಾಕುವಿನ ಹಾಗೆ ಹರಿತವಾಗಿತ್ತು. ಅದು ಪೂರ್ತಿ ಕಳಚಿ ಆ ಹುಡುಗನ ಮುಂದೆಯೇ ಬಿದ್ದಿದ್ದರೆ ಅನ್ನುವ ಯೋಚನೆ ಇವತ್ತಿಗೂ ಬಂದು ಹೋಗುತ್ತದೆ.

ಊರಿಗೆ ಬಂದು ಬಿಚ್ಚಿ ನೋಡಿದೆ. ವೆಲ್ಡಿಂಗ್ ಹಾಗೇ ಇತ್ತು. ಹರಿದದ್ದು ವೆಲ್ಡಿಂಗ್ ಪಕ್ಕದ ಬಂಪರ್ ಪೈಪು. 2 ಮಿ.ಮೀ. ದಪ್ಪದ ಪೈಪು ಅದು. ಬಿಸಿಗೆ ಕಾದ ಜಾಗದಲ್ಲಿ, ಬೆಸುಗೆಯ ಗೆರೆಯ ಅಂಚಿನಲ್ಲೇ, ಪೈಪು ದಿನಾ ಸ್ವಲ್ಪ ಸ್ವಲ್ಪ ಬಿಟ್ಟುಕೊಂಡಿತ್ತು. ಬಿರುಕಿನ ಒಂದು ಅರ್ಧದಲ್ಲಿ ಹಳೇ ತುಕ್ಕು, ಇನ್ನೊಂದು ಅರ್ಧ ಹೊಸದಾಗಿ ಬೆಳ್ಳಗೆ ಹೊಳೆಯುತ್ತಿತ್ತು. ಅಂದರೆ ಬಿರುಕು ಹುಟ್ಟಿದ್ದು ಅವತ್ತಲ್ಲ, ತಿಂಗಳುಗಳ ಹಿಂದೆ. ಹೊರಗಿನಿಂದ ಬಣ್ಣದ ಮೇಲೆ ಕೂದಲೆಳೆಯಷ್ಟು ಕಂದು ಗೆರೆ ಕಾಣುತ್ತಿದ್ದಿರಬೇಕು. ನಾನು ಬಗ್ಗಿ ನೋಡಿರಲಿಲ್ಲ. ಅವತ್ತಿನಿಂದ ಯಾವ ಸ್ಟ್ಯಾಂಡ್ ಇದ್ದರೂ ವೆಲ್ಡಿಂಗ್ ಅಂಚಿನಲ್ಲಿ ಆ ಕಂದು ಗೆರೆ ಇದೆಯಾ ಅಂತ ಬಟ್ಟೆಯಿಂದ ಒರೆಸಿ ನೋಡುವುದು ರೂಢಿಯಾಗಿದೆ. ನೀವೂ ರೂಢಿ ಮಾಡಿಕೊಳ್ಳಿ.

ಟ್ರೈಲರಿನ ಹಿಂತುದಿ ಕಾರಿನ ಹಿಂತುದಿಗಿಂತ ತುಂಬಾ ಜೋರಾಗಿ ಕುಣಿಯುತ್ತದೆ. ಸಾಮಾನ್ಯವಾಗಿ ಬರೀ ಪಟ್ಟಿ ಸ್ಪ್ರಿಂಗ್ ಇರುತ್ತದೆ, ಅದರ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್ ಇರುವುದಿಲ್ಲ. ಹಂಪು ಹಾರಿದಾಗ 70 ಕೆ.ಜಿ. ಭಾರ ಆ ಒಂದು ಕ್ಷಣಕ್ಕೆ ಎರಡು ಮೂರು ಪಟ್ಟು ಆಗಿ ಬಂಪರನ್ನು ಜಗ್ಗುತ್ತದೆ. ಹಳ್ಳಿಗೆ ಎರಡು ಹಂಪು ಅಂದರೂ ಮುರುಡೇಶ್ವರ ಮುಟ್ಟುವ ಹೊತ್ತಿಗೆ ಎಷ್ಟು ಜಗ್ಗಾಟ ಆಯ್ತು ನೋಡಿ. ಕಾರಿನ ಹಿಂದೆ ಕೂರಿಸುವ ರೆಡಿಮೇಡ್ ಸೈಕಲ್ ರ‍್ಯಾಕ್ ಮಾಡುವ ಎಷ್ಟೋ ಕಂಪನಿಗಳು ಇದನ್ನು ಟ್ರೈಲರಿನ ಹಿಂದೆ ಹಾಕಬೇಡಿ ಅಂತ ಕೈಪಿಡಿಯಲ್ಲೇ ಬರೆದಿರುತ್ತವೆ. ಕಾರಣ ಇದೇ.

ಕಾನೂನಿನ ಮಾತೂ ಒಂದಿದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೈಲರ್ ಕೂಡ ಮೋಟಾರು ವಾಹನವೇ. ಅದರ ನಂಬರ್ ಪ್ಲೇಟ್, ಬ್ರೇಕ್ ಲೈಟ್, ಇಂಡಿಕೇಟರ್ ಹಿಂದಿನವರಿಗೆ ಕಾಣಲೇಬೇಕು. ಹಿಂದೆ ನಾಲ್ಕು ಸೈಕಲ್ ನಿಂತರೆ ಇವೆಲ್ಲ ಮುಚ್ಚಿ ಹೋಗುತ್ತವೆ. ಹೇರಿದ ಸಾಮಾನು ಅನುಮತಿ ಮೀರಿ ಪಕ್ಕಕ್ಕೋ ಹಿಂದಕ್ಕೋ ಮೇಲಕ್ಕೋ ಚಾಚಿದರೆ, 2019ರ ತಿದ್ದುಪಡಿಯ ನಂತರ, 20,000 ರೂಪಾಯಿ ದಂಡ.

ನಿಮ್ಮ ತಮ್ಮ ಹೇಳಿದ್ದು ತೂಕದ ಲೆಕ್ಕದಲ್ಲಿ ತಪ್ಪಲ್ಲ. ಕಾರಿನ ಮೇಲೆ ಹಾಕಿದರೆ ಟ್ರೈಲರಿನ ಮೂಕಿ ಭಾರ ಕದಲುವುದೇ ಇಲ್ಲ. ಸಣ್ಣ ಕಾರು, ಎರಡು ಸೈಕಲ್ ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಬೊಲೆರೊ ಎತ್ತರವೇ 1.88 ಮೀಟರ್. ಅದರ ಮೇಲೆ ಕ್ಯಾರಿಯರ್, ಕ್ಯಾರಿಯರ್ ಮೇಲೆ ನಿಂತ ಸೈಕಲ್ ಸೇರಿ 3 ಮೀಟರ್ ದಾಟುತ್ತದೆ. ರೈಲ್ವೆ ಕೆಳಸೇತುವೆ, ರೆಸಾರ್ಟ್ ಗೇಟಿನ ಕಮಾನು, ಮಲೆನಾಡಿನ ರಸ್ತೆಗೆ ಬಾಗಿದ ಕೊಂಬೆ, ಎಲ್ಲಾ ಕಡೆ ಮೈಯೆಲ್ಲಾ ಕಣ್ಣಾಗಿರಬೇಕು. ದಣಿದ ಸಂಜೆ ಒಂದು ಸಲ ಮರೆತರೆ ಸಾಕು. ಜೊತೆಗೆ 15 ಕೆ.ಜಿ. ಸೈಕಲನ್ನು ತಲೆ ಮೇಲೆ ಎತ್ತಿ ಹಾಕುವುದು, ದಿನಾ ಇಳಿಸುವುದು. ಎರಡು ದಿನ ಹುಮ್ಮಸ್ಸಿನಿಂದ ಮಾಡುತ್ತೀರಿ, ಮೂರನೇ ದಿನ ಸೈಕಲ್ ಅಲ್ಲೇ ಉಳಿಯುತ್ತದೆ.

ನಿಮ್ಮ ಮನೆಗೆ ನಾನು ಹೇಳುವ ದಾರಿ ಇದು. ದೊಡ್ಡ ಸೈಕಲ್ ಎರಡನ್ನು ಡ್ರಾಬಾರ್ ಮೇಲೆ, ಅಂದರೆ ಹಿಚ್‌ಗೂ ಟ್ರೈಲರ್ ಮೈಗೂ ನಡುವೆ ಅಡ್ಡಕ್ಕೆ ನಿಲ್ಲಿಸಿ. ಮಕ್ಕಳ ಸೈಕಲ್ ಎರಡೂ ಟ್ರೈಲರ್ ಒಳಗೆ, ಸರಿಯಾಗಿ ಅಚ್ಚಿನ ಮೇಲೆ.

ಲೆಕ್ಕ ಹಾಕಿ ನೋಡಿ. ಎರಡು ಸೈಕಲ್ 30, ಸ್ಟ್ಯಾಂಡ್ 12, ಒಟ್ಟು 42 ಕೆ.ಜಿ. ಹಿಚ್‌ನಿಂದ 60 ಸೆಂ.ಮೀ. ಹಿಂದೆ ಕೂತರೆ ಅಚ್ಚಿನಿಂದ 2.4 ಮೀಟರ್ ಮುಂದೆ. ಮೂಕಿಗೆ ಸುಮಾರು 34 ಕೆ.ಜಿ. ಸೇರುತ್ತದೆ. ಮಕ್ಕಳ ಸೈಕಲ್ ಅಚ್ಚಿನ ಮೇಲೇ ಇರುವುದರಿಂದ ಮೂಕಿಗೆ ಏನೂ ಇಲ್ಲ. ಈಗ ಒಟ್ಟು 766, ಮೂಕಿ 104. ನೂರಕ್ಕೆ ಹದಿಮೂರೂವರೆ. ಓಲಾಟದ ಭಯ ಹೋಯಿತು, ಆದರೆ ಇನ್ನೊಂದು ಮಾತು ಬಂತು: ನಿಮ್ಮ ಹಿಚ್ ಕೆಳಮುಖವಾಗಿ ಎಷ್ಟು ಭಾರ ತಡೆಯುತ್ತದೆ? ಹಿಚ್ ಮೇಲಿನ ಪಟ್ಟಿಯಲ್ಲಿ ಅಥವಾ ಅದರ ಕಾಗದದಲ್ಲಿ ಇರುತ್ತದೆ. 100 ಅಂತ ಇದ್ದರೆ 104 ಹಾಕುವಂತಿಲ್ಲ. ಆಗ ಮುಂದಿನ ಪೆಟ್ಟಿಗೆಯ ಸಾಮಾನು ನೋಡಿ. 20 ಲೀಟರಿನ ಎರಡು ನೀರಿನ ಕ್ಯಾನು ಅಚ್ಚಿಗಿಂತ 1.8 ಮೀಟರ್ ಮುಂದಿದ್ದರೆ, ಅವನ್ನು ಅಚ್ಚಿನ ಮೇಲಕ್ಕೆ ತಂದ ಕೂಡಲೇ ಮೂಕಿ 24 ಕೆ.ಜಿ. ಹಗುರವಾಗಿ 80ಕ್ಕೆ ಬರುತ್ತದೆ. ನೂರಕ್ಕೆ ಹತ್ತಕ್ಕಿಂತ ತುಸು ಮೇಲೆ. ಅಪ್ಪ ಚೀಲ ಸರಿಸಿದ ಹಾಗೆ ನೀವು ಕ್ಯಾನು ಸರಿಸುತ್ತೀರಿ, ಅಷ್ಟೇ.

ಒಂದು ಎಚ್ಚರ. ನೀರು ಖರ್ಚಾಗುತ್ತಾ ಹೋಗುತ್ತದೆ, ಸೈಕಲ್ ತೂಕ ಹಾಗೇ ಇರುತ್ತದೆ. ಕ್ಯಾನು ಅಚ್ಚಿನ ಮೇಲಿದ್ದರೆ ತುಂಬಿದ್ದರೂ ಖಾಲಿಯಾದರೂ ಮೂಕಿಗೆ ವ್ಯತ್ಯಾಸ ಬರುವುದಿಲ್ಲ. ನೀರನ್ನು ಯಾವಾಗಲೂ ಅಲ್ಲೇ ಇಡಿ ಅಂತ ನಾನು ಹೇಳುವುದು ಇದಕ್ಕೆ.

ಅಂದಾಜಿನ ಮೇಲೆ ಹೊರಡಬೇಡಿ, ತೂಗಿ ನೋಡಿ. ಒಟ್ಟು ತೂಕಕ್ಕೆ ಯಾವುದಾದರೂ ವೇಬ್ರಿಡ್ಜ್ ಆದೀತು. ಮೆಕ್ಕೆಜೋಳದ ಲಾರಿ ತೂಗುವ ಕಾಟಾ ನಿಮ್ಮೂರಲ್ಲಿ ಬೇಕಾದಷ್ಟಿವೆ. ಮೂಕಿ ಭಾರಕ್ಕೆ ಮನೆಯಲ್ಲಿ ನಿಂತು ತೂಕ ನೋಡುವ ಮೆಷಿನ್ ಸಾಕು, ಅದು ಸಾಮಾನ್ಯವಾಗಿ 150 ಕೆ.ಜಿ.ವರೆಗೆ ತಡೆಯುತ್ತದೆ. ಟ್ರೈಲರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಮೆಷಿನ್ ಮೇಲೊಂದು ಹಲಗೆ, ಹಲಗೆ ಮೇಲೊಂದು ಮರದ ತುಂಡು ನಿಲ್ಲಿಸಿ, ಅದರ ಮೇಲೆ ಹಿಚ್ಚಿಗೆ ಕೂರುವ ತುದಿಯನ್ನೇ ಇಳಿಸಿ. ಮುಂದಿನ ಸಣ್ಣ ಚಕ್ರದ ಕೆಳಗೆ ಮೆಷಿನ್ ಇಟ್ಟರೆ ಲೆಕ್ಕ ಜಾಸ್ತಿ ಬರುತ್ತದೆ, ಅದು ಅಚ್ಚಿಗೆ ಹತ್ತಿರ ಇರುವುದರಿಂದ. ಮರದ ತುಂಡಿನ ಎತ್ತರ ಕಾರಿಗೆ ಕಟ್ಟಿದಾಗ ಇರುವಷ್ಟೇ ಇರಲಿ. ಹೊರಡುವ ಹಿಂದಿನ ದಿನ ಎಲ್ಲಾ ಸಾಮಾನು, ಸೈಕಲ್, ನೀರು ಹೇರಿ ತೂಗಿದರೆ ಮಾತ್ರ ಅದಕ್ಕೆ ಅರ್ಥ.

ಈಗ ವೆಲ್ಡಿಂಗ್ ಅಂಗಡಿಗೆ ಹೋಗಬಹುದು. ಅವರಿಗೆ ಹೇಳಬೇಕಾದ್ದು ಹೀಗೆ. 50 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ಪೈಪಿನಲ್ಲಿ ಸ್ಟ್ಯಾಂಡನ್ನು ಬೇರೆಯಾಗಿ ಮಾಡಲಿ. ಡ್ರಾಬಾರಿಗೆ ಅದನ್ನು ವೆಲ್ಡ್ ಮಾಡುವುದು ಬೇಡ, ತೂತು ಕೊರೆಯುವುದೂ ಬೇಡ. ಇಡೀ ಟ್ರೈಲರ್ ನಿಂತಿರುವುದೇ ಆ ಎರಡು ಬಾರುಗಳ ಮೇಲೆ. ಅದಕ್ಕೆ ಬಿಸಿ ಮುಟ್ಟಿಸುವುದು, ತೂತು ಹೊಡೆಯುವುದು ನಾನಾದರೆ ಮಾಡುವುದಿಲ್ಲ. ಯು ಬೋಲ್ಟ್ ನಾಲ್ಕು, ಕೆಳಗೆ ದಪ್ಪ ಪಟ್ಟಿ, ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್. ಬಿಚ್ಚಲೂ ಬರುತ್ತದೆ, ಜಾಗ ಹಿಂದೆ ಮುಂದೆ ಸರಿಸಲೂ ಬರುತ್ತದೆ. ಚಕ್ರ ಕೂರಲು ಎರಡು ಸಿ ಚಾನೆಲ್, ನಡುವೆ ಒಂದು ಕಂಬ, ಕಂಬಕ್ಕೆ ಸೈಕಲ್ ಹಿಡಿಯುವ ಎರಡು ತೋಳು. ತೋಳು ತಾಗುವ ಕಡೆಯೆಲ್ಲ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿಸಿ. ಸ್ಟ್ಯಾಂಡ್ 12 ಕೆ.ಜಿ. ಮೀರದಂತೆ ನೋಡಿಕೊಳ್ಳಿ. ನಮ್ಮ ಕಡೆ ಗಟ್ಟಿ ಇರಲಿ ಅಂತ ಇನ್ನೊಂದು ಆ್ಯಂಗಲ್ ಸೇರಿಸುವ ಅಭ್ಯಾಸ ಇದೆ. ಪ್ರೀತಿಯಿಂದಲೇ ಸೇರಿಸುತ್ತಾರೆ. ಆದರೆ ಸೇರಿಸಿದ ಒಂದೊಂದು ಕೆ.ಜಿ.ಯೂ ಹಿಚ್ ಮೇಲೆ ಕೂರುತ್ತದೆ.

ನಟ್ಟು ಬಿಗಿಯುವ ಮೊದಲು ಟ್ರೈಲರನ್ನು ಬೊಲೆರೊಗೆ ಕಟ್ಟಿ ಖಾಲಿ ಮೈದಾನಕ್ಕೆ ಒಯ್ಯಿರಿ. ಬೊಲೆರೊ ಹಿಂಬಾಗಿಲಿಗೆ ಸ್ಟೆಪ್ನಿ ಇರುತ್ತದೆ, ಅದು ಹಿಂದಕ್ಕೆ ಚಾಚಿಕೊಂಡಿದೆ. ಪೂರ್ತಿ ಸ್ಟಿಯರಿಂಗ್ ತಿರುಗಿಸಿ ನಿಧಾನವಾಗಿ ಎಡಕ್ಕೆ, ಬಲಕ್ಕೆ ಹೋಗಿ. ಒಬ್ಬರು ಕೆಳಗೆ ನಿಂತು ಕಾರಿನ ಹಿಂದಿನ ಮೂಲೆಗೂ ಸೈಕಲ್ ಚಕ್ರಕ್ಕೂ ಎಷ್ಟು ಸಂದು ಉಳಿಯುತ್ತದೆ ನೋಡಲಿ. ಮುಂದೆ ಹೋಗುವಾಗ ಸಾಮಾನ್ಯವಾಗಿ ತಾಗುವುದಿಲ್ಲ. ತಾಗುವುದು ರಿವರ್ಸಿನಲ್ಲಿ, ಟ್ರೈಲರ್ ಮಡಚಿಕೊಂಡಾಗ. ಯಾವ ಮಡಿಕೆಗೆ ತಾಗುತ್ತದೆ ಅಂತ ಒಮ್ಮೆ ಕಣ್ಣಲ್ಲಿ ನೋಡಿಟ್ಟುಕೊಂಡರೆ ಆಮೇಲೆ ಕನ್ನಡಿಯಲ್ಲೇ ಗೊತ್ತಾಗುತ್ತದೆ. ಹಿಂಬಾಗಿಲು ತೆರೆಯುವುದಿಲ್ಲ ಅನ್ನುವುದನ್ನೂ ಈಗಲೇ ಒಪ್ಪಿಕೊಳ್ಳಿ. ದಾರಿಯಲ್ಲಿ ಬೇಕಾಗುವ ಬುತ್ತಿ, ನೀರು, ಔಷಧಿ ಸೀಟಿನ ಹತ್ತಿರ ಇರಲಿ.

ಕಟ್ಟುವುದು ಹೀಗೆ. ಒಂದು ಸೈಕಲಿನ ಹ್ಯಾಂಡಲ್ ಎಡಕ್ಕೆ, ಇನ್ನೊಂದರದ್ದು ಬಲಕ್ಕೆ. ಆಗ ಹ್ಯಾಂಡಲ್‌ಗೆ ಹ್ಯಾಂಡಲ್ ಗುದ್ದಾಡುವುದಿಲ್ಲ. ಒಳಗಡೆಯ ಪೆಡಲ್ ಪಕ್ಕದ ಸೈಕಲಿನ ಬಣ್ಣ ಕೆರೆಯುತ್ತಿದ್ದರೆ ಬಿಚ್ಚಿಬಿಡಿ. 15 ಮಿ.ಮೀ. ಸ್ಪ್ಯಾನರ್ ಸಾಕು. ಎಡಗಡೆಯ ಪೆಡಲಿನ ಮರೆ (ತಿರುಪಿನ ಸುತ್ತು) ಉಲ್ಟಾ ಇರುತ್ತದೆ, ನೆನಪಿರಲಿ. ಮಾಮೂಲು ನಟ್ಟು ಬಿಚ್ಚುವ ಹಾಗೆ ತಿರುಗಿಸಿದರೆ ಅದು ಇನ್ನೂ ಬಿಗಿಯುತ್ತದೆ. ಮತ್ತೆ ಹಾಕುವಾಗ ಮರೆಗೆ ಸ್ವಲ್ಪ ಗ್ರೀಸ್ ಹಚ್ಚಿ.

ಭಾರ ಹಿಡಿಯಬೇಕಾದ್ದು ಎರಡೂ ಚಕ್ರದಲ್ಲಿ. ಮೇಲಿನ ತೋಳು ಸೈಕಲ್ ವಾಲದಂತೆ ಒರಗು ಕೊಡಲಿ ಅಷ್ಟೇ. ಮುಂದೆ ಯಾವಾಗಾದರೂ ಕಾರ್ಬನ್ ಫ್ರೇಮಿನ ಸೈಕಲ್ ತಗೊಂಡರೆ ಫ್ರೇಮಿಗೆ ಕ್ಲಾಂಪ್ ಹಾಕಲೇಬೇಡಿ, ಅದು ಅದುಮಿದರೆ ಬಿರುಕು ಬಿಡುತ್ತದೆ. ಬ್ಯಾಟರಿ ಸೈಕಲ್ ತಗೊಂಡರೆ ಒಂದೇ 20, 25 ಕೆ.ಜಿ. ಬರುತ್ತದೆ. ಆಗ ಈ ಲೆಕ್ಕ ಎಲ್ಲಾ ಹೊಸದಾಗಿ ಹಾಕಬೇಕು, ಬ್ಯಾಟರಿ ಬಿಚ್ಚಿ ಕಾರೊಳಗೆ ಬಿಸಿಲು ತಾಗದ ಕಡೆ ಇಡಬೇಕು.

ಟಿವಿಎಸ್ ಮೇಲೆ ಹಾಲಿನ ಕ್ಯಾನು ಕಟ್ಟುವ ಟ್ಯೂಬ್ ರಬ್ಬರಿಗೆ ನಾನು ಮರ್ಯಾದೆ ಕೊಡುತ್ತೇನೆ, ಆದರೆ ಇಲ್ಲಿ ಅದೊಂದನ್ನೇ ನಂಬಬೇಡಿ. ಹಂಪಿನಲ್ಲಿ ಎಳೆದುಕೊಂಡು ಸೈಕಲಿಗೆ ಕುಣಿಯಲು ಜಾಗ ಕೊಡುತ್ತದೆ. ಲಾರಿಗೆ ಕಟ್ಟುವ ರ‍್ಯಾಚೆಟ್ ಬೆಲ್ಟಿನ ಸಣ್ಣ ಅಳತೆಯದು ಸಿಗುತ್ತದೆ. ಚಕ್ರಕ್ಕೆ ಒಂದೊಂದು, ಎರಡೂ ಸೈಕಲ್ ಸೇರಿಸಿ ಮೇಲೊಂದು. ಬೆಲ್ಟನ್ನು ಚಪ್ಪಟೆಯಾಗಿ ಎಳೆಯುವ ಬದಲು ಒಂದು ತಿರುವು ಕೊಟ್ಟು ಕಟ್ಟಿ. ಚಪ್ಪಟೆ ಬೆಲ್ಟು ಗಾಳಿಗೆ ಭರ್ರೋ ಅಂತ ನಡುಗುತ್ತದೆ, ನಡುಗಿ ನಡುಗಿ ಸಡಿಲವಾಗುತ್ತದೆ. ತಿರುವು ಬಿದ್ದರೆ ಸುಮ್ಮನಾಗುತ್ತದೆ. ಉಳಿದ ತುದಿಯನ್ನು ಗಂಟು ಹಾಕಿ, ಇಲ್ಲದಿದ್ದರೆ ಬಣ್ಣ ಕಿತ್ತು ಬರುವ ತನಕ ಬಡಿಯುತ್ತಲೇ ಇರುತ್ತದೆ. ಮುಂದಿನ ಚಕ್ರ ಫ್ರೇಮಿಗೆ ಸೇರಿಸಿ ಒಂದು ಪಟ್ಟಿ ಕಟ್ಟಿ, ಹ್ಯಾಂಡಲ್ ತಿರುಗದ ಹಾಗೆ. ಬಾಟಲ್, ಪಂಪ್, ಲೈಟ್ ಎಲ್ಲಾ ಬಿಚ್ಚಿಟ್ಟುಕೊಳ್ಳಿ.

ಡ್ರಾಬಾರಿನ ಜಾಗಕ್ಕೆ ಒಂದು ದೋಷ ಇದೆ. ಕಾರಿನ ಹಿಂದಿನ ಚಕ್ರ ಎಬ್ಬಿಸುವ ದೂಳು, ಕೆಸರು, ಜಲ್ಲಿ ಎಲ್ಲಾ ಸೈಕಲಿಗೇ. ಬೊಲೆರೊ ಮಡ್ ಫ್ಲ್ಯಾಪ್ ಹರಿದಿದ್ದರೆ ಮೊದಲು ಬದಲಾಯಿಸಿ. ಸ್ಟ್ಯಾಂಡಿನ ಮುಂದೆ, ಮೊಣಕಾಲೆತ್ತರಕ್ಕೆ, ಒಂದು ರಬ್ಬರ್ ಚಾಪೆ ಇಳಿಬಿಡಿ. ಚೈನು ಗೇರಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟಿದರೆ ಸಾಕು. ಇಡೀ ಸೈಕಲಿಗೆ ಕವರ್ ಓಡುವಾಗ ಬೇಡ. ನಿಂತ ಮೇಲೆ ಹೊದಿಸಿ.

ಮಕ್ಕಳ ಸೈಕಲಿಗೆ ಮುಂದಿನ ಚಕ್ರ ಬಿಚ್ಚಿ, ಸೀಟು ಇಳಿಸಿ, ಅಚ್ಚಿನ ಮೇಲಿನ ನೆಲದಲ್ಲಿ ಮಲಗಿಸಿ. ಗೇರ್ ಇರುವ ಬದಿ ಮೇಲೆ ಬರಲಿ. ನಡುವೆ ಒಂದು ಹಳೇ ಕಂಬಳಿ. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ಬಿಚ್ಚಿದ ಕೂಡಲೇ ಬ್ರೇಕ್ ಪ್ಯಾಡ್‌ಗಳ ನಡುವೆ ರಟ್ಟು ಮಡಿಸಿ ತುರುಕಿ. ಆಯಿಲ್ ಬ್ರೇಕ್ ಆದರಂತೂ ಇದನ್ನು ಬಿಡಲೇಬೇಡಿ. ಸಾಮಾನಿನ ಒತ್ತಡಕ್ಕೋ, ಮಗನ ಕೈಗೋ ಸಿಕ್ಕಿ ಬ್ರೇಕ್ ಅದುಮಿ ಹೋದರೆ ಪ್ಯಾಡ್ ಎರಡೂ ಕೂಡಿಕೊಂಡು ಮತ್ತೆ ಚಕ್ರ ಒಳಗೆ ಹೋಗುವುದಿಲ್ಲ. ಸಮುದ್ರದ ದಡದಲ್ಲಿ ಅದನ್ನು ಬಿಡಿಸುತ್ತಾ ಕೂರುವುದು ಯಾರಿಗೆ ಬೇಕು? ಒಳಗಿನ ಸೈಕಲನ್ನೂ ನೆಲದ ಕೊಂಡಿಗೆ ಕಟ್ಟಿ. ಸಡಿಲ ಬಿಟ್ಟರೆ ಘಟ್ಟದ ಇಳಿಜಾರಿನಲ್ಲಿ ಅದೇ ಮುಂದಕ್ಕೆ ಜಾರಿ ನಿಮ್ಮ ಲೆಕ್ಕ ಕೆಡಿಸುತ್ತದೆ.

ರಜೆಗೆ ಎರಡು ವಾರ ಮೊದಲು ಒಂದು ಭಾನುವಾರ ಎಲ್ಲಾ ಕಟ್ಟಿಕೊಂಡು ಕೊಂಡಜ್ಜಿ ಕೆರೆಗೆ ಹೋಗಿ ಬನ್ನಿ. ಹಳ್ಳಿ ಹಂಪು ಸಿಗುತ್ತವೆ, ಮಕ್ಕಳೂ ಸೈಕಲ್ ಹೊಡೆಯುತ್ತಾರೆ. ಬಂದು ಪ್ರತಿ ನಟ್ಟಿಗೂ ಸ್ಪ್ಯಾನರ್ ಹಾಕಿ. ಹೊಸ ಸ್ಟ್ಯಾಂಡಿನ ನಟ್ಟು ಮೊದಲ ಓಟದಲ್ಲಿ ಅರ್ಧ ಸುತ್ತಾದರೂ ಸಡಿಲವಾಗಿರುತ್ತದೆ. ಬಣ್ಣ ಅದುಮಿಕೊಂಡು ಜಾಗ ಮಾಡಿಕೊಳ್ಳುವುದರಿಂದ ಹಾಗಾಗುತ್ತದೆ, ಗಾಬರಿ ಬೇಡ.

ಹೊರಟ ದಿನ ಮೊದಲ ನಿಲುಗಡೆ ಹರಿಹರ. 14 ಕಿಲೋಮೀಟರ್ ಅಷ್ಟೇ. ಆದರೆ ಬೆಲ್ಟು ಸಡಿಲವಾಗುವುದು ಈ ಮೊದಲ ಹತ್ತು ಹದಿನೈದು ಕಿಲೋಮೀಟರಿನಲ್ಲೇ. ಬಿಗಿ ಮಾಡಿಕೊಂಡು ಮಲೇಬೆನ್ನೂರು, ಹೊನ್ನಾಳಿ ಮೇಲೆ ಶಿವಮೊಗ್ಗಕ್ಕೆ ಹೋಗಿ. ಆಮೇಲೆ ಚಹಾಕ್ಕೆ ನಿಂತಾಗೆಲ್ಲ ಒಂದು ಸುತ್ತು ಹಾಕಿ, ಬೆಲ್ಟಿಗೆ ಕೈ ಹಾಕಿ ನೋಡಿ, ಟ್ರೈಲರ್ ಚಕ್ರದ ಹಬ್ ಮುಟ್ಟಿ ಬಿಸಿ ನೋಡಿ. ಶಿವಮೊಗ್ಗದಿಂದ ಸಾಗರ, ಜೋಗದ ಮೇಲೆ ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರ. ಮಕ್ಕಳಿಗೆ ಆಗುಂಬೆ ತೋರಿಸುವ ಆಸೆ ಇದ್ದರೆ ಇನ್ನೊಂದು ಸಲ ಬರೀ ಕಾರಲ್ಲಿ ಹೋಗಿ. ಆ ಘಟ್ಟದ 14 ಹೇರ್‌ಪಿನ್ ತಿರುವಿನಲ್ಲಿ ಟ್ರೈಲರ್ ಮಡಚಿ ಡ್ರಾಬಾರಿನ ಸೈಕಲಿಗೆ ಕಾರಿನ ಮೂಲೆ ತಾಗುವ ಸಂಭವ ಇದೆ. ಗೇರುಸೊಪ್ಪೆಯಲ್ಲೂ ಎರಡನೇ ಗೇರಿನಲ್ಲಿ ಇಳಿಯಿರಿ. ಹೆದ್ದಾರಿಯಲ್ಲಿ 60 ದಾಟಬೇಡಿ.

ಎಲ್ಲಾ ಸರಿ ಮಾಡಿದರೂ ಯಾವಾಗಾದರೂ ಟ್ರೈಲರ್ ಓಲಾಡಲು ಶುರುವಾದರೆ ಆಕ್ಸಿಲೇಟರಿನಿಂದ ಕಾಲು ತೆಗೆಯಿರಿ. ಸ್ಟಿಯರಿಂಗ್ ನೇರಕ್ಕೆ ಹಿಡಿದುಕೊಳ್ಳಿ. ಓಲಾಟಕ್ಕೆ ಎದುರಾಗಿ ತಿರುಗಿಸಲು ಹೋಗಬೇಡಿ, ಗಟ್ಟಿ ಬ್ರೇಕ್ ಹಾಕಬೇಡಿ, ವೇಗ ಹೆಚ್ಚಿಸಿ ಎಳೆದು ನೇರ ಮಾಡುತ್ತೇನೆ ಅಂತಲೂ ಹೋಗಬೇಡಿ. ವೇಗ ತಾನಾಗಿ ಇಳಿದಾಗ ಅದೂ ಇಳಿಯುತ್ತದೆ. ಬೊಲೆರೊ ಓಡಿಸುವುದು ನೀವಿಬ್ಬರೂ ಆದರೆ ಇದನ್ನು ಇಬ್ಬರೂ ಬಾಯಿಪಾಠ ಮಾಡಿಕೊಳ್ಳಿ. ಆ ಹೊತ್ತಿನಲ್ಲಿ ಯೋಚನೆಗೆ ಸಮಯ ಇರುವುದಿಲ್ಲ.

ಮುರುಡೇಶ್ವರದಲ್ಲಿ ರಾತ್ರಿ ಸೈಕಲ್‌ಗಳನ್ನು ಒಂದೇ ಸರಪಳಿಯಲ್ಲಿ ಡ್ರಾಬಾರಿಗೆ ಸೇರಿಸಿ ಬೀಗ ಹಾಕಿ. ಮರಳಿನ ಮೇಲೆ, ನೀರಿನ ಅಂಚಿನಲ್ಲಿ ಓಡಿಸದೆ ಮಕ್ಕಳು ಇರುವುದಿಲ್ಲ, ಬಿಡಿ. ಆದರೆ ಪ್ರತಿ ಸಂಜೆ ಒಂದು ಬಕೆಟ್ ಸಿಹಿನೀರು ಮೇಲಿನಿಂದ ಸುರಿದು, ಬಟ್ಟೆಯಿಂದ ಒರೆಸಿ, ಚೈನಿಗೆ ನಾಲ್ಕು ಹನಿ ಎಣ್ಣೆ ಬಿಡಿ. ಪ್ರೆಶರ್ ಪೈಪಿನಲ್ಲಿ ಹೊಡೆಸಬೇಡಿ, ಉಪ್ಪುನೀರು ಬೇರಿಂಗ್ ಒಳಗೇ ಹೋಗುತ್ತದೆ. ಅದೇ ಬಕೆಟಿನಲ್ಲಿ ಉಳಿದ ನೀರನ್ನು ಸ್ಟ್ಯಾಂಡಿನ ಯು ಬೋಲ್ಟ್‌ಗಳ ಮೇಲೂ ಹಾಕಿ.